ನಿಕಾಸಿಯಾಳ ಬಾಯಿಯ ಬೀಗ

ಪುನಾಟಾ ಸೀಮೆಯಲ್ಲಿ ನಿಕಾಸಿಯಾ ಕಾಯಿಸಿದ ಮೆಕ್ಕೆಜೋಳದ ಹೆಂಡಕ್ಕೆ ಸಾಟಿಯಿರಲಿಲ್ಲ. ಆದರೆ ಅವಳು ತನ್ನ ತಾಯ್ನುಡಿ ಕೆಚುವಾ ಮಾತಾಡುತ್ತಿದ್ದದ್ದು ಹಂಡೆಯ ಜೊತೆ, ಕೋಳಿಗಳ ಜೊತೆ ಮಾತ್ರ. ಸಂತೆಯಲ್ಲಿ ಹರಕುಮುರುಕು ಸ್ಪ್ಯಾನಿಷ್.

ಕಾರಣ ಹಳೆಯದು. ಕುದುರೆಯೇರಿ ಬಂದು ನಾಡು ಗೆದ್ದ ಸ್ಪೇನಿನವರು ಮಣ್ಣಾಗಿ ಎಷ್ಟೋ ತಲೆಮಾರು ಕಳೆದರೂ ಅವರ ಭಾಷೆ ಮಾತ್ರ ಶಾಲೆಯ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಕೆಚುವಾ ಆಡಿದವರನ್ನು ಮೇಷ್ಟರಿಗೆ ಹಿಡಿದುಕೊಡುವ ಕೆಲಸ ಸಹಪಾಠಿ ಇಲಾರಿಯೋನನದು. ಅವನ ಚಾಡಿಯಿಂದ ಒಮ್ಮೆ ನಿಕಾಸಿಯಾ ಶಿಕ್ಷೆಗೆಂದು ಜೋಳದ ಕಾಳಿನ ಮೇಲೆ ಮಂಡಿಯೂರಿದ್ದಳು. ಅಂದೇ ಬಾಯಿಗೆ ಬೀಗ ಬಿತ್ತು.

ಕಾರ್ನಿವಲ್ ಹಬ್ಬದಲ್ಲಿ ಗಂಡಸರಿಗೂ ಹೆಂಗಸರಿಗೂ ಬೈಗುಳದ ಹಾಡಿನ ಜಿದ್ದು. ಎದುರಾಳಿಯ ಮಾತನ್ನೇ ಹಿಡಿದು, ಅಕಾರ್ಡಿಯನ್ ಒಂದು ಸುತ್ತು ಮುಗಿಸುವುದರೊಳಗೆ ತಿರುಗಿಸಿ ಹೊಡೆಯಬೇಕು. ಸೋತವರು ಮಂಡಿಯೂರಿ ಗೆದ್ದವರಿಗೆ ಹೆಂಡ ಕೊಡಬೇಕು. ನಿಕಾಸಿಯಾಳ ಸೋದರತ್ತೆ ಸತ್ತ ಮೇಲೆ ಹೆಂಗಸರು ಗೆದ್ದದ್ದೇ ಇಲ್ಲ.

"ಅತ್ತೆ ರಕ್ತ ನಿನ್ ಮೈಯಾಗೈತೆ, ನೀನೇ ನಿಲ್ಲಬೇಕವ್ವಾ," ಎಂದು ಆ ವರ್ಷ ಅವಳನ್ನೇ ಮುಂದೆ ತಳ್ಳಿದರು. ಪಟ್ಟಣದವರೂ ಬರುತ್ತಾರಲ್ಲ, ನಗೆಪಾಟಲಾಗಬಾರದೆಂದು ಪಾಪ, ಸ್ಪ್ಯಾನಿಷಿನಲ್ಲಿ ಪದ ಕಟ್ಟಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಜಿದ್ದಿಗೆ ಯಾರಾದರೂ ಬುತ್ತಿ ಕಟ್ಟಿಕೊಂಡು ಬರುತ್ತಾರೆಯೇ!

ಎದುರಿಗೆ ನಿಂತವನು ಇಲಾರಿಯೋನ್. ಈಗ ಊರಿಗೆ ದೊಡ್ಡ ಮನುಷ್ಯ. ಮೀಸೆ ತಿರುವಿ ಸ್ಪ್ಯಾನಿಷಿನಲ್ಲಿ ಶುರುಮಾಡಿದ:

"ಹೆಂಡ ಕಾಯ್ಸೋ ಹೆಣ್ಣೇ, ಬಾಯಿಗೆ
ಬೀಗ ಜಡಿದೋರ್ ಯಾರೇ?
ದಂಡ ಕಟ್ಟಿ, ಬಿಂದಿಗೆ ಹೊತ್ಕೊಂಡ್
ನಮ್ಗೆ ಬಡಿಸು ಬಾರೇ!"

ಬಾಯಿಪಾಠದ ಪದ ಒಂದೂ ಇದಕ್ಕೆ ಹೊಂದಲಿಲ್ಲ. ನಿಕಾಸಿಯಾ ತಡವರಿಸಿದಳು. ಗಂಡಸರು ಸಿಳ್ಳೆ ಹೊಡೆದರು. ಯಾರು ಜಡಿದರು ಎಂದು ಇವನು ಕೇಳುವುದೇ? ಅವಳಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ಬಂದದ್ದು ಕೆಚುವಾ:

"ಜಡಿದೋನ್ ನೀನೇ ಕಣಲೇ ಹುಂಜ,
ಅವ್ವನ ಮಾತೇ ಬೀಗದ್ ಕೈ;
ಗಿಡದ್ ಮೇಲ್ ಕೂತು ಕೂಗೋದ್ ನೀನು,
ಮೊಟ್ಟೆ ಇಡೋದು ನಾವ್ ಕಣೈ!"

ಬಯಲಿಗೆ ಬಯಲೇ ಕೇಕೆ ಹಾಕಿತು. ಕೆಚುವಾಕ್ಕೆ ಕೆಚುವಾದಲ್ಲೇ ತಿರುಗಿಸಿ ಹೊಡೆಯಲು ಇಲಾರಿಯೋನ್ ಬಾಯಿ ತೆರೆದ. ಚಾಡಿ ಹೇಳಿ ಹೇಳಿ ತಾನೂ ಬಿಟ್ಟ ಭಾಷೆ, ಕರೆದಾಕ್ಷಣ ಬರಲು ಅದೇನು ಆಳೇ? ಸುತ್ತು ಮುಗಿಯಿತು. ಹೆಂಗಸರು ನಿಕಾಸಿಯಾಳನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಅವಳು ಹುಚ್ಚಿಯಂತೆ ನಕ್ಕಳು, ಅತ್ತಳು, ಮತ್ತೆ ಹಾಡಿದಳು.

ಕೊನೆಗೆ ಇಲಾರಿಯೋನ್ ಹೆಂಡ ತುಂಬಿದ ಸೋರೆಬುರುಡೆ ಹಿಡಿದು ಮಂಡಿಯೂರಲು ಬಗ್ಗಿದ.

"ತಾಳೋ," ಎಂದಳು ನಿಕಾಸಿಯಾ, ಕೆಚುವಾದಲ್ಲೇ. ಶಾಲಿನ ತುದಿಯಿಂದ ಅವನ ಮುಂದಿನ ನೆಲ ಗುಡಿಸಿದಳು. "ಜೋಳದ ಕಾಳು ಬಿದ್ದೈತೆ. ಚುಚ್ತದೆ, ನಂಗೊತ್ತು. ಹ್ಞೂಂ, ಈಗ ಮಂಡಿ ಊರು."