ಗ್ಯಾಸ್ ಹಡಗಿನ ಕಾವಲಿನವನು

ಆ ಕಾಲದಲ್ಲಿ ಬಂದರಿಗೆ ಗ್ಯಾಸ್ ಹಡಗು ಬಂತೆಂದು ಮನೆಮನೆಗೆ ತಿಳಿಯುತ್ತಿದ್ದುದು ದೂರಯ್ಯನ ಕೂಗಿನಿಂದಲೇ. ಹಡಗಿನ ಸುತ್ತ ಕಾವಲು ದೋಣಿಯಲ್ಲಿ ತಿರುಗುತ್ತ ಮೀನುಗಾರರನ್ನು ದೂರವಿಡುವುದು ಅವನ ಕೆಲಸ. ದೂರಯ್ಯ ಎಂಬ ಹೆಸರು ಬಂದದ್ದೂ ಹಾಗೆಯೇ. ಗಡಿ ತೋರಿಸಲು ನೀರಿನಲ್ಲಿ ತೇಲುವ ಕೆಂಪು ಗುರುತುಗಳನ್ನು ಕಡಲಹಕ್ಕಿ ದಾಟಿದರೂ ಅವನಿಗೆ ಸಿಟ್ಟು. ಮನೆಯಲ್ಲಿ ಹೆಂಡತಿ ಬೆಂಕಿಕಡ್ಡಿ ಗೀರಿದರೆ ಬಾಗಿಲಾಚೆ ಹೋಗಿ ನಿಲ್ಲುತ್ತಿದ್ದನಂತೆ! ಕಚೇರಿಯವರು ಬರೆದುಕೊಟ್ಟ ಎಚ್ಚರಿಕೆಯ ಮಾತು ಅವನ ಬಾಯಿಗೆ ಒಗ್ಗಲೇ ಇಲ್ಲ. ಧ್ವನಿವರ್ಧಕ ಹಿಡಿದು, "ಮಾವಾ, ಬಲೆ ಎತ್ತು! ಚಿಕ್ಕಪ್ಪಾ, ಒಲೆ ಆರಿಸು! ಒಂದು ಕಿಡಿ ಸಾಕು, ಊರೇ ಇರಲ್ಲ!" ಎಂದು ನೆಂಟಸ್ತಿಕೆ ಹಚ್ಚಿ ಕೂಗುತ್ತಿದ್ದ. "ಹಡಗೇನು ನಿನ್ನ ಮಾವ ಕೊಟ್ಟ ಬಳುವಳಿಯೇನೋ?" ಎಂದು ಗೊಣಗಿಕೊಂಡೇ ಮೀನುಗಾರರು ದೋಣಿ ತಿರುಗಿಸುತ್ತಿದ್ದರು. ಒಮ್ಮೆ ಮಾತ್ರ ಒಂದು ದೋಣಿ ತಿರುಗದೆ ಮುಂದೆಯೇ ಬಂತು. ಅದರಲ್ಲಿದ್ದವನು ಅವನ ಒಡಹುಟ್ಟಿದ ಅಣ್ಣ. ದೂರಯ್ಯ ಧ್ವನಿವರ್ಧಕ ಕೆಳಗಿಟ್ಟು, ತನ್ನ ದೋಣಿಯನ್ನು ಪಕ್ಕಕ್ಕೆ ತಂದು ಆ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. "ಅಪ್ಪ ಬಲೆ ಬೀಸಿದ ಜಾಗ ಕಣೋ ಇದು. ನನ್ನನ್ನೇ ಓಡಿಸ್ತೀಯಾ?" ಎಂದ ಅಣ್ಣ. "ಅಪ್ಪ ಇದ್ದಿದ್ರೆ ಅಪ್ಪನ್ನೂ ಓಡಿಸ್ತಿದ್ದೆ. ನನಗೆ ಅಂತ ಉಳಿದಿರೋ ಹಿರಿಯ ನೀನೊಬ್ಬನೇ ಅಣ್ಣಾ," ಎಂದ ದೂರಯ್ಯ. ಅಣ್ಣ ಹುಟ್ಟು ಕೈಗೆತ್ತಿಕೊಂಡು ದೋಣಿ ತಿರುಗಿಸಿದ.