ನಡುಗುವ ಹಿಡಿ

ಮೈಸೂರಿನ ಸಂಯುಕ್ತಾ, ಮುಂಬಯಿ ಬಳಿಯ ಡೊಂಬಿವಲಿಯ ಕೈಗಾರಿಕಾ ಪ್ರದೇಶದ ಎಲೆಕ್ಟ್ರಿಕ್ ಬೈಕ್ ಕಂಪನಿಯೊಂದರಲ್ಲಿ ಹ್ಯಾಂಡಲ್ ಗ್ರಿಪ್‌ಗಳ ವಿನ್ಯಾಸಕಿ. ಎಷ್ಟು ಹೊತ್ತು ಹಿಡಿದರೂ ಅಂಗೈ ಜೋಮು ಹಿಡಿಯದಂಥ ಮೆತ್ತನೆಯ ಗ್ರಿಪ್ಪನ್ನು ಅವಳು ತಿಂಗಳುಗಟ್ಟಲೆ ತಿದ್ದಿ ತೀಡಿ ಮಾಡಿದಳು. ಮಾಲೀಕ ಗಣಪತಿ ಪೈಗಳು ಅದನ್ನು ಹಾಕಿದ ಬೈಕನ್ನು ಪಕ್ಕದೂರು ಕಲ್ಯಾಣ್‌ವರೆಗೆ ಓಡಿಸಿಕೊಂಡು ಬಂದು ಮುಖ ಸಿಂಡರಿಸಿದರು.

"ಎಂತ ಮಾರಾಯ್ತಿ, ಕೈಗೆ ಏನೂ ಗೊತ್ತೇ ಆಗುದಿಲ್ಲ! ಗಿರಾಕಿಗೆ ಪೆಟ್ರೋಲ್ ಗಾಡಿಯ ಫೀಲ್ ಬೇಕು. ಸ್ವಲ್ಪ ನಡುಕ ಹಾಕು."

"ಸರ್, ನಮ್ಮ ಬೈಕ್ ನಡುಗಲ್ಲ ಅಂತ ನೀವೇ ಜಾಹೀರಾತು ಕೊಟ್ಟಿದ್ದೀರಲ್ಲ?"

"ಜಾಹೀರಾತು ಓದುವವರಿಗೆ. ನಡುಕ ಓಡಿಸುವವರಿಗೆ."

ಇಂಥ ಜ್ಞಾನದ ಮುಂದೆ ಅವಳ ಪದವಿ ಏನು ಮಾಡೀತು? ಸಂಯುಕ್ತಾ ಹಲ್ಲು ಕಚ್ಚಿ ಗ್ರಿಪ್ಪಿನೊಳಗೆ ಪುಟ್ಟ ವೈಬ್ರೇಟರ್ ಕೂರಿಸಿದಳು. ಬೈಕು ಬಿಸಿ ದೋಸೆಯಂತೆ ಮಾರಾಟವಾಯಿತು, ಆದರೆ ಕೊಂಡವರು ಕೈನೋವೆಂದು ದೂರತೊಡಗಿದರು. ಪೈಗಳು ಒಂದಿಷ್ಟೂ ಧೃತಿಗೆಡದೆ, ನಡುಕ ನಿಲ್ಲಿಸುವ ಸ್ವಿಚ್ಚೊಂದನ್ನು ಅವಳಿಂದಲೇ ಮಾಡಿಸಿ ಸೇರಿಸಿ 'ಲಕ್ಷುರಿ ಮಾಡೆಲ್' ಎಂದು ಇನ್ನೂ ದುಬಾರಿಗೆ ಮಾರಿದರು. ಆ ಸ್ವಿಚ್ಚಿಗಾಗಿ ಸಂಯುಕ್ತಾಗೆ ಬಡ್ತಿಯೂ ಸಿಕ್ಕಿತು.