ಎಡಗಡೆಯ ಮೂರನೇ ಸೀಟು

ದೋಣಿ ನಿಲ್ಲುವ ಜೆಟ್ಟಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ತಕ್ಕಡಿ ಎಂದರೆ ಸಾಕು, ಟಿಕೆಟ್ ಹರಿಯುವವರಿಂದ ಹಿಡಿದು ಚಹಾ ಮಾರುವವರವರೆಗೆ ಎಲ್ಲರೂ ಅವನತ್ತ ಕೈ ತೋರಿಸುತ್ತಿದ್ದರು. ದೋಣಿಗೆ ಹತ್ತುವ ವಸ್ತುವನ್ನು ತೂಗದೆ ಬಿಡುವ ಆಸಾಮಿಯೇ ಅಲ್ಲ ಅವನು. ಲಂಗರು, ಹಗ್ಗ, ಔಷಧಿ ಪೆಟ್ಟಿಗೆ ಎಲ್ಲ ಸರಿ. ನೆಲ ಒರೆಸುವ ಬಟ್ಟೆಯನ್ನೂ ಒದ್ದೆಯಿದ್ದಾಗ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ ತೂಗಿದ್ದ ಮಹಾನುಭಾವ. ಹೊಟ್ಟೆ ತುಂಬ ಉಂಡು ಬಂದವರನ್ನು ಅವನು ಕೆಕ್ಕರಿಸುತ್ತಿದ್ದ ರೀತಿ ನೋಡಿದರೆ ಅವರನ್ನೂ ಕೊಕ್ಕೆಗೆ ನೇತುಹಾಕುತ್ತಾನೇನೋ ಅನ್ನಿಸುತ್ತಿತ್ತು.

ವೇಗದ ಈ ಹುಚ್ಚು ಅವನಿಗೆ ತೊಟ್ಟಿಲಲ್ಲೇ ಹತ್ತಿದ್ದು. ಅಮ್ಮ ಐಸ್ ಕಾರ್ಖಾನೆಗೆ ಹೋದರೆ ಬರುತ್ತಿದ್ದುದು ಸಂಜೆಗೆ. ಹತ್ತು ವರ್ಷ ದೊಡ್ಡವಳಾದ ಅಕ್ಕನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ನಿಂತರೆ ಅಳು, ನಡೆದರೆ ಕೊಸರಾಟ, ಓಡಿದರೆ ಮಾತ್ರ ನಿದ್ದೆ. ಪಾಪದ ಹುಡುಗಿ, ಇವನ ಒಂದು ನಿದ್ದೆಗೋಸ್ಕರ ಬೀದಿಯ ಈ ತುದಿಯಿಂದ ಆ ತುದಿಗೆ ಓಡಿ ಓಡಿ ಸುಸ್ತಾಗುತ್ತಿದ್ದಳು. ಮುಂದೆ ಅವನು ದೋಣಿ ಎಂಜಿನ್ನುಗಳ ಮೆಕ್ಯಾನಿಕ್ ಆದ, ಆಮೇಲೆ ಚಾಲಕನಾದ. ಮೂವತ್ತು ವರ್ಷ, ನೀರಿಗೆ ತಾಗುವ ಒಂದೇ ಹೊಟ್ಟೆಯ ಮಾಮೂಲಿ ದೋಣಿಗಳನ್ನು ಓಡಿಸಿದ.

ಹೋದ ವರ್ಷ ಬಂತು ನೋಡಿ, ಕ್ಯಾಟಮರಾನ್. ಉದ್ದಕ್ಕೆ ಎರಡು ಕಿರಿದಾದ ಹೊಟ್ಟೆಗಳು, ಅವೆರಡರ ನಡುವೆ ನೀರಿನ ಮೇಲೆ ಸುರಂಗದಂಥ ಖಾಲಿ ಜಾಗ, ಸುರಂಗದ ಚಾವಣಿಯೇ ಪ್ರಯಾಣಿಕರ ಕಾಲಕೆಳಗಿನ ನೆಲ. ಹಿಂದೆ ನೇತುಬಿದ್ದ ಎರಡು ಎಂಜಿನ್ನುಗಳು. ತಕ್ಕಡಿ ಕೈತೊಳೆದುಕೊಂಡು ಅದರ ಬೆನ್ನು ಹತ್ತಿದ. ನೀರಿನ ಎಳೆತ ಕಡಿಮೆಯಾಗಲಿ ಎಂದು ಎಂಜಿನ್ನುಗಳನ್ನು ಎರಡು ತೂತು ಮೇಲಕ್ಕೆ ಏರಿಸಿ ಬೋಲ್ಟ್ ಬಿಗಿದ. ಸೀಟುಗಳ ದಪ್ಪ ಸ್ಪಂಜನ್ನೆಲ್ಲ ಕಿತ್ತು ಶೆಡ್ಡಿನಲ್ಲಿ ಪೇರಿಸಿದ. ಮೂವತ್ತೆಂಟು ಕಿಲೋ! ದೋಣಿ ಗಂಟೆಗೆ ಎಪ್ಪತ್ತೈದು ಕಿಲೋಮೀಟರ್ ಮುಟ್ಟಿದ ದಿನ ಅವನ ಕಾಲು ನೆಲದ ಮೇಲಿರಲಿಲ್ಲ. ಜನ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದರು. “ಇಪ್ಪತ್ತು ನಿಮಿಷದ ದಾರಿ ಸ್ವಾಮಿ, ಮಲಗೋಕೆ ಬಂದಿದ್ದೀರಾ?” ಎಂದು ಅವರ ಬಾಯಿ ಮುಚ್ಚಿಸುತ್ತಿದ್ದ. ತಾನು ಮಾತ್ರ ಒಂದು ದಿನವೂ ಕೂತವನಲ್ಲ. ಚಾಲಕ ನಿಂತೇ ಓಡಿಸುತ್ತಾನೆ. ಏಟೆಲ್ಲ ಮೊಣಕಾಲಿಗೆ, ಬೆನ್ನಿಗೇನೂ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಅಕ್ಕನಿಗೆ ಬೆನ್ನುಮೂಳೆಯ ಆಪರೇಷನ್ ಆಯಿತು. ವಾರಕ್ಕೊಮ್ಮೆ, ಮಂಗಳವಾರ, ಆಚೆ ದಡದ ಆಸ್ಪತ್ರೆಗೆ ಹೋಗಿ ಆರು ತಿಂಗಳು ಫಿಸಿಯೋಥೆರಪಿ ಮಾಡಿಸಬೇಕು, ತಪ್ಪಿಸಿದರೆ ಊರುಗೋಲೇ ಗತಿ ಎಂದರು ಡಾಕ್ಟರು. ತಕ್ಕಡಿ ಎಡಗಡೆಯ ಮೂರನೇ ಸೀಟನ್ನು ಅಕ್ಕನಿಗೆಂದೇ ಮೀಸಲಿಟ್ಟ. ಅದಕ್ಕಿಂತ ದೊಡ್ಡ ಸುದ್ದಿ, ಮಂಗಳವಾರದ ಟ್ರಿಪ್ಪಿನಲ್ಲಿ ಅವನು ನಿಧಾನವಾಗಿ ಓಡಿಸತೊಡಗಿದ. ಅಲೆ ಕಂಡರೆ ಸಾಕು, ಕೈ ತಾನಾಗಿ ವೇಗದ ಹಿಡಿಕೆಯನ್ನು ಹಿಂದಕ್ಕೆಳೆಯುತ್ತಿತ್ತು. ಇಪ್ಪತ್ತೈದು ಕಿಲೋಮೀಟರ್! ಸೂರ್ಯ ಯಾವ ಕಡೆ ಹುಟ್ಟಿದ ಎಂದು ಜೆಟ್ಟಿಯವರೆಲ್ಲ ಗೇಲಿ ಮಾಡಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗಿದ್ದೂ ಪ್ರತಿ ಸಲ ಅಕ್ಕನ ಮುಖ ಬಿಳಿಚಿಕೊಂಡಿರುತ್ತಿತ್ತು. ಕಂಬಿ ಹಿಡಿದು ಐದು ನಿಮಿಷ ನಿಂತ ಮೇಲೆಯೇ ಹೆಜ್ಜೆ. ಕಾಯಿಲೆ ಜೋರಿರಬೇಕು ಎಂದುಕೊಂಡು ಅವನು ಮುಂದಿನ ವಾರ ಇನ್ನೂ ನಿಧಾನ ಮಾಡುತ್ತಿದ್ದ. ಎಂಟನೇ ವಾರ ಅಕ್ಕ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಳು.

“ಇನ್ನೊಂದು ಸಲ ಹೋಗಿ ಡಾಕ್ಟರಿಗೆ ಹೇಳಿ ಬರ್ತೀನಿ. ಆಮೇಲೆ ಸಾಕು ಕಣೋ. ನನ್ನ ಕೈಲಾಗಲ್ಲ.”

“ಊರುಗೋಲು ಹಿಡ್ಕೊಂಡು ಓಡಾಡ್ತೀಯಾ?”

“ಹಿಡ್ಕೊಂಡ್ರೆ ಏನೀಗ? ಎಷ್ಟು ಜನ ಹಿಡಿದಿಲ್ಲ?”

ಅವನಿಗೆ ಅನ್ನ ಸೇರಲಿಲ್ಲ. ಬೀದಿಯುದ್ದ ಓಡಿದ ಅಕ್ಕ, ಈಗ ಮೂಲೆ ಹಿಡಿದು ಕೂರುವುದೆಂದರೆ!

ಆ ಕೊನೆಯ ಮಂಗಳವಾರ ಅವನಿಗೆ ಲೈಸೆನ್ಸಿಗಾಗಿ ಆಚೆ ದಡದಲ್ಲೇ ಕಣ್ಣಿನ ಪರೀಕ್ಷೆಯಿತ್ತು. ಬೆಳಿಗ್ಗೆಯ ಟ್ರಿಪ್ಪಿನಲ್ಲಿ ಹೋದವನು ಅಲ್ಲೇ ಉಳಿದ. ಹನ್ನೊಂದರ ದೋಣಿ ಅಕ್ಕನ ಮಗಳ ಕೈಯಲ್ಲಿತ್ತು. ಅವಳೂ ಅದೇ ದೋಣಿಯ ಇನ್ನೊಬ್ಬ ಚಾಲಕಿ, ನಾಲ್ಕು ವರ್ಷದಿಂದ ಅವನ ಕೈಕೆಳಗೇ ಪಳಗಿದವಳು. “ಅಮ್ಮ ಇದ್ದಾಳೆ, ಇಪ್ಪತ್ತೈದು ದಾಟಬೇಡ” ಎಂದು ಮೂರು ಸಲ ಹೇಳಿ ಬಂದಿದ್ದ.

ಪರೀಕ್ಷೆ ಮುಗಿಸಿ ಜೆಟ್ಟಿಗೆ ಬಂದು ನೋಡುತ್ತಾನೆ, ಗಾಳಿಗೆ ಕೊಲ್ಲಿಯ ತುಂಬ ಅಲೆ. ಅದರ ನಡುವೆ ದೋಣಿ ನೊರೆ ಚಿಮ್ಮಿಸುತ್ತ ಐವತ್ತರ ಮೇಲೆ ಬರುತ್ತಿದೆ. ಹಗ್ಗ ಕಟ್ಟುವ ಮೊದಲೇ ಕೂಗಾಡಲು ಶುರುಮಾಡಿದ.

“ಬುದ್ಧಿ ಇದೆಯೇನೇ ನಿನಗೆ? ಹೆತ್ತ ತಾಯಿ ಕಣೇ ಒಳಗಿರೋದು!”

“ಡಾಕ್ಟರು ಹನ್ನೆರಡಕ್ಕೇ ಹೊರಡ್ತಾರಂತೆ ಮಾವ, ಫೋನ್ ಬಂತು. ಏನ್ಮಾಡ್ಲಿ, ಓಡಿಸ್ದೆ.”

ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಳು. ಕೆನ್ನೆಯ ಮೇಲೆ ಕಿಟಕಿಯ ರಬ್ಬರಿನ ಗುರುತು ಮೂಡಿತ್ತು. ಕಂಬಿ ಮುಟ್ಟದೆ ಇಳಿದಳು.

“ಸುಮ್ನೆ ಯಾಕೆ ಕಿರುಚ್ತೀಯೋ? ನಿದ್ದೆ ಬಂದುಬಿಟ್ಟಿತ್ತು,” ಎಂದಳು.

ಅಕ್ಕ ಮಗಳ ಜೊತೆ ಆಸ್ಪತ್ರೆಗೆ ನಡೆದಳು. ಮಗಳು ತಾಯಿಯನ್ನು ಬಿಟ್ಟು ವಾಪಸ್ ಬರುವವರೆಗೂ ಅವನು ಖಾಲಿ ದೋಣಿಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ಒಳಹೋಗಿ, ಜನ್ಮದಲ್ಲಿ ಮೊದಲ ಸಲ, ಎಡಗಡೆಯ ಮೂರನೇ ಸೀಟಿನಲ್ಲಿ ಕೂತ.

“ಒಂದು ಸುತ್ತು ಹಾಕು. ನಾನು ಮಂಗಳವಾರ ಓಡಿಸ್ತೀನಲ್ಲ, ಹಾಗೇ.”

ಅವಳು ಇಪ್ಪತ್ತೈದಕ್ಕೆ ತಂದಳು. ದೋಣಿ ನೀರಿನಲ್ಲಿ ತಗ್ಗಿ ಕೂತಿತು. ಮೊದಲ ಅಲೆ ಸುರಂಗದೊಳಗೆ ನುಗ್ಗಿ ಚಾವಣಿಗೆ ಬಡಿಯಿತು, ನೇರ ಅವನ ಕುಂಡೆಯ ಕೆಳಗೆ. ಸ್ಪಂಜಿಲ್ಲದ ಹಲಗೆಯಿಂದ ಏಟು ಕತ್ತಿನವರೆಗೂ ಏರಿತು. ಇನ್ನೊಂದು, ಮತ್ತೊಂದು. ಎತ್ತರದಲ್ಲಿದ್ದ ಎಂಜಿನ್ನುಗಳು ಅಲೆಯ ನಡುವೆ ನೀರು ತಪ್ಪಿ ಗಾಳಿ ಕಚ್ಚಿ ಕಿರುಚಿ ದೋಣಿಯನ್ನು ಜಗ್ಗುತ್ತಿದ್ದವು. ಗಟ್ಟಿಮುಟ್ಟಾದ ತನ್ನ ಬೆನ್ನಿಗೇ ಹೀಗಾದರೆ!

“ಈಗ ನೀನು ಓಡಿಸಿದ ಹಾಗೆ,” ಎಂದ.

ವೇಗ ಐವತ್ತು ದಾಟಿತು. ದೋಣಿ ಮೇಲೆದ್ದಿತು. ಸುರಂಗದೊಳಗೆ ತುರುಕಿಕೊಂಡ ಗಾಳಿ ನೆಲದಡಿ ಹಾಸಿಗೆಯ ಹಾಗೆ ನಿಂತು, ಅಲೆಗಳು ಕೆಳಗೆ ಗುಡುಗುಟ್ಟಿದವೇ ಹೊರತು ಮೇಲೆ ಬಡಿಯಲಿಲ್ಲ. ಅರವತ್ತೈದಕ್ಕೆ ಹಾರಿ ಹಾರಿ ಬೀಳತೊಡಗಿತು. ಮತ್ತೆ ಐವತ್ತೆರಡಕ್ಕೆ ಇಳಿಸಿದರೆ ಸಮಾಧಾನ. ಅಲೆ ಕಂಡರೆ ನಿಧಾನಿಸು ಎಂದು ಒಂದೇ ಹೊಟ್ಟೆಯ ದೋಣಿ ಮೂವತ್ತು ವರ್ಷ ಕಲಿಸಿದ ಪಾಠವನ್ನು ಅವನು ಎರಡು ಹೊಟ್ಟೆಯದಕ್ಕೆ ಹಚ್ಚಿ, ಎಂಟು ವಾರ ಪ್ರೀತಿಯಿಂದಲೇ ಅಕ್ಕನ ಗಾಯದ ಮೇಲೆ ಗುದ್ದಿದ್ದ. ಆ ಸೀಟಿನಲ್ಲಿ ಕೂತೇ ಅವನು ಮುಖ ಮುಚ್ಚಿಕೊಂಡು ಅತ್ತ. ಅಕ್ಕನ ಮಗಳು ಹಿಂತಿರುಗಿ ನೋಡಲಿಲ್ಲ, ಜಾಣೆ.

ಆಸ್ಪತ್ರೆಯ ಬಾಗಿಲಲ್ಲಿ ಅಕ್ಕನನ್ನು ಹಿಡಿದ.

“ಅದಕ್ಕೇನಾ ಬರಲ್ಲ ಅಂದಿದ್ದು? ನೋವಾಗ್ತಿದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?”

ಅಕ್ಕ ಸೆರಗಿನ ತುದಿಯನ್ನು ಸುತ್ತುತ್ತ ನಿಂತಳು. “ಹುಟ್ಟಿದಾಗಿಂದ ನೀನು ಯಾರಿಗೂ ನಿಧಾನ ಮಾಡಿದವನಲ್ಲ. ನಿನ್ನ ಮದುವೆ ದಿನಾನೂ ಓಡಿಕೊಂಡೇ ಬಂದೆ. ನನಗೋಸ್ಕರ ಮೆಲ್ಲಗೆ ಓಡಿಸ್ತಿದ್ದೀಯ, ಆ ಜನ ಎಲ್ಲ ನಗ್ತಿದ್ರೂ... ಬೇಡ ಅಂತ ಹೇಗೋ ಹೇಳ್ಲಿ?”

“ಮುಂದಿನ ಮಂಗಳವಾರ ಬರ್ತೀಯ ತಾನೇ?”

“ಸ್ಪಂಜು ಹಾಕ್ತೀಯಾ?”

ಹಾಕಿದ. ಮೂವತ್ತೆಂಟು ಕಿಲೋವನ್ನೂ ಶೆಡ್ಡಿನಿಂದ ಹೊತ್ತು ತಂದು, ಈ ಸಲ ತೂಗದೆ, ಎಲ್ಲ ಸೀಟಿಗೂ ಹಾಕಿದ. ಎಂಜಿನ್ನುಗಳನ್ನು ಒಂದು ತೂತು ಕೆಳಗಿಳಿಸಿದ. ಎಪ್ಪತ್ತೈದಿದ್ದದ್ದು ಅರವತ್ತೆಂಟಕ್ಕೆ ಬಂತು. ಅಕ್ಕನ ಮಗಳ ಉಗುರುಬಣ್ಣದಿಂದ ಹಿಡಿಕೆಯ ಪಕ್ಕ, ಐವತ್ತೆರಡಕ್ಕೆ ಸರಿಯಾಗಿ, ಒಂದು ಕೆಂಪು ಗೆರೆ ಎಳೆದ. ಅಲೆ ಕಂಡಾಗ ಕೈ ಹಿಂದಕ್ಕೆಳೆಯಲು ಹಾತೊರೆಯುತ್ತದೆ. ಹಲ್ಲು ಕಚ್ಚಿ ಗೆರೆಯ ಮೇಲೇ ಹಿಡಿಯುತ್ತಾನೆ.

ಮುಂದಿನ ಮಂಗಳವಾರ ವಾಪಸ್ ಬರುವಾಗಲೂ ಗಾಳಿಯಿತ್ತು. ಜೆಟ್ಟಿ ಮುಟ್ಟಿತು, ಹಗ್ಗ ಕಟ್ಟಿದ್ದಾಯಿತು, ಎಲ್ಲರೂ ಇಳಿದು ಹೋದರು. ಎಡಗಡೆಯ ಮೂರನೇ ಸೀಟಿನಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಮುಂದಿನ ಟ್ರಿಪ್ಪಿನ ಜನ ಮೆಟ್ಟಿಲ ಬಳಿ ಗೊಣಗುತ್ತಿದ್ದರು. ಒಂದು ನಿಮಿಷ ತಡವಾದರೆ ಲೋಕವೇ ಮುಳುಗಿದ ಹಾಗೆ ಆಡುತ್ತಿದ್ದವನು ಅವರಿಗೆ ಕೈಸನ್ನೆಯಲ್ಲೇ ಸುಮ್ಮನಿರಿ ಎಂದ.

ಅಕ್ಕ ಕಣ್ಣು ಬಿಡದೆ ಕೇಳಿದಳು. “ಬಂತೇನೋ?”

“ಇನ್ನೂ ಇದೆ,” ಎಂದ ತಕ್ಕಡಿ. “ಮಲ್ಕೋ.”